ಊರು ಕೇಳಿದವನು

ಬಿಂದಿಗೆಯ ಬೆನ್ನು ಯಾವತ್ತೂ ಒದ್ದೆ. ಬೆವರಿನಿಂದ ಅಂದುಕೊಂಡರೆ ತಪ್ಪು. ತಂಡದ ಕಾರಿನ ಕಿಟಕಿಯಿಂದ ಒಂದೊಂದಾಗಿ ಇಸಿದುಕೊಂಡು ಅಂಗಿಯ ಕುತ್ತಿಗೆಯೊಳಗೆ ತುರುಕಿಕೊಳ್ಳುವ ಐಸ್ ನೀರಿನ ಬಾಟಲಿಗಳಿಂದ. ಮೈಯೆಲ್ಲ ಉರಿಯುತ್ತಿರುವಾಗ ಆ ತಣ್ಣಗಿನದು ಬೆನ್ನುಮೂಳೆಗೆ ತಾಗಿದರೆ ಉಸಿರೇ ಸಿಕ್ಕಿಕೊಳ್ಳುತ್ತೆ. ಗೂನು ಬಂದವನ ಹಾಗೆ ಬೆನ್ನುಬ್ಬಿಸಿಕೊಂಡು, ಕಾರುಗಳ ಹೊಗೆ ಕುಡಿಯುತ್ತಾ, ಮತ್ತೆ ಗುಂಪಿನ ಮುಂದಕ್ಕೆ ತುಳಿಯಬೇಕು. ಎಲ್ಲರಿಗೂ ಹಂಚಿ ಮುಗಿಯುವಷ್ಟರಲ್ಲಿ ದೊರೆ ಕೈ ಎತ್ತುತ್ತಾನೆ. ಮತ್ತೆ ಹಿಂದಕ್ಕೆ. ಇಷ್ಟು ನೀರು ಹೊತ್ತವನಿಗೆ ಕುಡಿಯೋಕೆ ಉಳಿಯೋದು ಬಿಸಿಲಲ್ಲಿ ಕಾದ ತಳದ ನೀರು.

ದೊರೆ ಅಂದರೆ ತಂಡದ ನಾಯಕ. ಬಿಂದಿಗೆ ಅಂದರೆ ನೀರು ಹೊರುವವನು. ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ, ಆದರೆ ತಂಡದಲ್ಲಿ ಅದನ್ನು ಕರೆದವರಿಲ್ಲ.

ನೀವು ಟೀವಿಯಲ್ಲಿ ನೋಡಿರುತ್ತೀರಿ ಆ ಸೈಕಲ್ ರೇಸನ್ನು. ವಾರಗಟ್ಟಲೆ ನಡೆಯುತ್ತೆ. ದಿನಾ ಒಂದೂರಿಂದ ಹೊರಟು ಇನ್ನೊಂದೂರು ಮುಟ್ಟಬೇಕು. ಎಲ್ಲ ದಿನಗಳ ಹೊತ್ತು ಕೂಡಿಸಿ ಯಾರದು ಕಡಿಮೆಯೋ ಅವನು ಗೆದ್ದ. ಗೆಲ್ಲುವವನ ಕೊರಳಿಗೆ ಹಾರ ಬೀಳುವಾಗ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ, ಅವನೊಬ್ಬನೇ ತುಳಿದ ಹಾಗೆ. ಅಯ್ಯೋ, ಅವನು ತುಳಿದದ್ದು ಇನ್ನೊಬ್ಬರ ಬೆನ್ನ ಹಿಂದೆ ಅಡಗಿಕೊಂಡು! ಮುಂದಿರುವವನ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿ ತಾಗೋದಿಲ್ಲ, ಅರ್ಧ ದಣಿವು ತಪ್ಪಿತು. ಗಾಳಿಯನ್ನೆಲ್ಲ ಮುಂದಿನವನೇ ತಿನ್ನಬೇಕು. ಬಿಂದಿಗೆ ತಿಂದ. ದೊರೆಯ ಟೈರು ಒಡೆದರೆ ತನ್ನ ಚಕ್ರ ಕಳಚಿ ಕೊಟ್ಟು ರಸ್ತೆ ಬದಿಯಲ್ಲಿ ಬೆಪ್ಪನ ಹಾಗೆ ನಿಂತ. ವರ್ಷಗಳಿಂದ ಇದೇ ಬಾಳು.

ಆ ಜನರಲ್ಲಿ ಒಂದು ರೂಢಿ ಇದೆ. ಯಾವ ಪುಸ್ತಕದಲ್ಲೂ ಬರೆದಿಲ್ಲ. ರೇಸಿನ ದಾರಿ ಯಾರಾದರೂ ಸವಾರನ ಊರಿನ ಮೇಲೆ ಹೋದರೆ, ಅವನು ಗುಂಪನ್ನು ಕೇಳಿಕೊಳ್ಳಬಹುದು. ಗುಂಪು ಅವನನ್ನು ಮುಂದೆ ಬಿಡುತ್ತೆ, ತಾನು ನಿಧಾನ ಮಾಡುತ್ತೆ. ಅವನು ಊರಲ್ಲಿ ಇಳಿದು ತನ್ನವರನ್ನು ಅಪ್ಪಿಕೊಂಡು, ನೀರು ಕುಡಿದು, ಗುಂಪು ಬರುವ ತನಕ ಕಾದು, ಮತ್ತೆ ಸೇರಿಕೊಳ್ಳಬೇಕು. ಅಷ್ಟು ಹೊತ್ತು ಯಾರೂ ಓಡಿಹೋಗುವ ಹಾಗಿಲ್ಲ. ಇದಕ್ಕೆ ಊರು ಕೇಳೋದು ಅಂತಾರೆ. ದೊರೆಗಳಿಗೆ ಇದರ ಗೊಡವೆ ಇಲ್ಲ. ಕಾರಿಂದ ಗುಂಪಿಗೆ, ಗುಂಪಿಂದ ಕಾರಿಗೆ ಓಡಾಡುವ ನೀರಿನವರೇ ತಂಡ ತಂಡಕ್ಕೂ ಸುದ್ದಿ ಮುಟ್ಟಿಸಿ, ತಮ್ಮತಮ್ಮಲ್ಲೇ ಮಾತು ಕೊಟ್ಟು, ಮಾತು ಉಳಿಸಿಕೊಂಡು ಬಂದಿದ್ದಾರೆ. ಅವರಿಗೆ ಅಂತ ಆ ರೇಸಿನಲ್ಲಿ ಇರೋದು ಅದೊಂದೇ.

ಈ ಸಲ ದಾರಿ ಬಿಂದಿಗೆಯ ಊರಿನ ಮೇಲೆ ಬಿತ್ತು. ಅದೂ ಅಕ್ಕ ಕೆಲಸ ಮಾಡುವ ಲಾಂಡ್ರಿಯ ಗೇಟಿನ ಮುಂದೆಯೇ. ಅವನನ್ನು ಸಾಕಿದ್ದು ಅಕ್ಕ. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು, ಬ್ಲೀಚಿನಲ್ಲಿ ಕೈ ಸುಲಿಸಿಕೊಂಡು ಸಾಕಿದಳು. ಅವನಿಗೆ ಮೊದಲ ಸೈಕಲ್ ಕೊಡಿಸಿದ್ದು ಭಾವ. ಆ ಭಾವ ಹೋದ ವರ್ಷ, ಬಿಂದಿಗೆ ರೇಸಿನಲ್ಲಿದ್ದಾಗಲೇ ತೀರಿಕೊಂಡ. ಬಿಂದಿಗೆಗೆ ಸುದ್ದಿ ಸಿಕ್ಕಿದ್ದು ಸಂಜೆ, ಆ ದಿನದ ಓಟ ಮುಗಿದ ಮೇಲೆ. “ಈಗ ತಾನೇ ಗೊತ್ತಾಯ್ತು ಕಣಪ್ಪಾ,” ಅಂತ ಮ್ಯಾನೇಜರ್ ತಬ್ಬಿಕೊಂಡಿದ್ದ. ಅಷ್ಟು ಹೊತ್ತಿಗೆ ಭಾವನನ್ನು ಮಣ್ಣು ಮಾಡಿ ಆಗಿತ್ತು. ಆಮೇಲೂ ರೇಸು, ತರಬೇತಿ, ಇನ್ನೊಂದು ರೇಸು. ಅಕ್ಕ ಫೋನಿನಲ್ಲಿ ಮಾತಾಡುತ್ತಿದ್ದಳು, ಆದರೆ ಮೊದಲಿನ ಹಾಗೆ ಅಲ್ಲ. ಏನೋ ಒಂದು ನುಂಗಿಕೊಂಡವಳ ಹಾಗೆ. ಅವತ್ತು ಯಾಕೆ ಬರಲಿಲ್ಲ ಅಂತ ಅವಳು ಕೇಳಲಿಲ್ಲ, ಇವನೂ ಹೇಳಲಿಲ್ಲ. ಒಂದು ಸಲ ಅವಳ ಮುಂದೆ ಇಳಿದು ನಿಲ್ಲಬೇಕು ಅನ್ನೋದು ಬಿಂದಿಗೆಗೆ ಎದೆಯೊಳಗಿನ ಮುಳ್ಳಾಗಿತ್ತು.

ಹಿಂದಿನ ದಿನವೇ ಅವನು ಗುಂಪಿನಲ್ಲಿ ತಾತನ ಪಕ್ಕಕ್ಕೆ ಸೈಕಲ್ ತಂದ. ತಾತ ಬೇರೆ ತಂಡದ ನೀರಿನವನು. ಗಡ್ಡ ನರೆತಿದೆ ಅಂತ ತಾತ, ಅಷ್ಟೇ. ನೀರಿನವರಲ್ಲಿ ಅವನ ಮಾತೇ ಮಾತು.

“ತಾತ, ನಾಳೆ ನಮ್ಮೂರು.”

“ಯಾರಿದಾರೆ?”

“ಅಕ್ಕ.”

“ಹೋಗಿ ಬಾ. ಎಲ್ಲರಿಗೂ ನಾನು ಹೇಳ್ತೀನಿ. ಆದ್ರೆ ನೀನು ಇಳೀಬೇಕು. ನಾವು ಬರೋತನಕ ಕಾಯಬೇಕು.”

“ಇಳೀದೆ ಇರ್ತೀನಾ? ಇಳಿಯೋಕೇ ತಾನೇ ಹೋಗ್ತಿರೋದು.”

“ನಿಮ್ಮ ದೊರೆ?”

“ಅವರಿಗೇನು ಇದರಲ್ಲಿ?”

ತಾತ ಕಣ್ಣು ಕಿರಿದು ಮಾಡಿ ಅವನನ್ನು ನೋಡಿದ. “ಅವರಿಗೆ ಎಲ್ಲದರಲ್ಲೂ ಏನೋ ಒಂದು ಇರುತ್ತೆ ಕಣಪ್ಪಾ,” ಅಂದ.

ಸಂಜೆ ಹೋಟೆಲಿನಲ್ಲಿ ಬಿಂದಿಗೆ ಮ್ಯಾನೇಜರ್‌ಗೂ ಒಂದು ಮಾತು ಹೇಳಿದ. ಹೇಳದೆ ಹೋದರೆ ತಪ್ಪಾದೀತು ಅನ್ನೋ ಭಯ. ಉಚ್ಚೆಗೆ ನಿಲ್ಲೋಕೂ ಅಪ್ಪಣೆ ಕೇಳಿಸುವ ಮನುಷ್ಯ ಅವನು. ಇದಕ್ಕೆ ಖಂಡಿತ ಕುಣಿದಾಡುತ್ತಾನೆ ಅಂದುಕೊಂಡೇ ಹೋಗಿದ್ದ.

“ಹೋಗಪ್ಪಾ, ಹೋಗು!” ಅಂದ ಮ್ಯಾನೇಜರ್. ಭುಜದ ಮೇಲೆ ಕೈ ಬೇರೆ ಇಟ್ಟ. “ಅಕ್ಕನ್ನ ನೋಡ್ಬೇಡ ಅನ್ನೋಕೆ ನಾನೇನು ರಾಕ್ಷಸನಾ? ಗುಂಪು ಒಪ್ಪಿದ್ಯಾ? ಎಲ್ಲಾ ತಂಡದೋರೂ?”

“ಎಲ್ಲಾರೂ ಸಾರ್.”

“ಮೊದಲ ಸ್ಥಾನದಲ್ಲಿದಾನಲ್ಲ, ಅವನ ತಂಡದೋರೂ?”

“ಅವರೂ.”

“ಭೇಷ್. ಎಲ್ಲಿ ಬರುತ್ತೆ ನಿಮ್ಮೂರು? ಅಕ್ಕ ಎಲ್ಲಿ ಕೆಲಸ ಮಾಡೋದು? ಹೇಳು, ಹೇಳು.”

ಬಿಂದಿಗೆ ಹೇಳಿದ. ಹೇಳಿ ರೂಮಿಗೆ ಬಂದು ಮಂಚದ ಮೇಲೆ ಕೂತ ಮೇಲೆ ಆ ಕೈ ಇಟ್ಟಿದ್ದ ಭುಜವನ್ನೇ ಸವರಿಕೊಂಡ. ಮೊದಲ ಸ್ಥಾನದವನ ತಂಡ ಒಪ್ಪಿದರೆ ಇವರಿಗೇನು, ಬಿಟ್ಟರೆ ಇವರಿಗೇನು?

ರಾತ್ರಿ ಮಲಗೋ ಹೊತ್ತಿಗೆ ಅಕ್ಕನ ಫೋನು.

“ಲೋ, ನಮ್ಮ ಮೇಸ್ತ್ರಿ ಇವತ್ತು ನನ್ನ ನೋಡಿ ನಕ್ಕ ಕಣೋ.”

“ನಕ್ಕನಾ?”

“ಹಲ್ಲೆಲ್ಲಾ ಕಾಣೋ ಹಾಗೆ! ನಿಮ್ಮ ಭಾವ ಹೋದಾಗ ಒಂದು ದಿನ ರಜ ಕೊಡೋಕೆ ಮುಖ ಸಿಂಡರಿಸಿದೋನು, ನಾಳೆ ನಮ್ಮನ್ನೆಲ್ಲ ಹೊರಗೆ ಬಿಡ್ತಾನಂತೆ. ಈಗ ತಾನೇ ಯಾರೋ ಕಾರಲ್ಲಿ ಬಂದು ಒಂದು ಮೂಟೆ ಹೊಸ ಅಂಗಿ ಕೊಟ್ಟು ಹೋದ್ರು. ನಿಮ್ಮ ತಂಡದ ಹೆಸರಿದೆ ಎದೆ ಮೇಲೆ. ಎಲ್ಲಾರೂ ಹಾಕ್ಕೋಬೇಕಂತೆ.”

“ಒಳ್ಳೇದೇ ಆಯ್ತಲ್ಲಕ್ಕ.”

“ಇರು, ಇನ್ನೂ ಕೇಳು. ನಮ್ಮ ಗೇಟ್ ಹತ್ರ ನಿಲ್ಲಬಾರದಂತೆ. ಸೇತುವೆ ದಾಟಿ ಆಚೆ ಬಯಲಲ್ಲಿ ನಿಲ್ಲಬೇಕಂತೆ, ಅಲ್ಲಿ ಕ್ಯಾಮೆರಾ ಇರುತ್ತಂತೆ. ಅವನು ಬಂದಾಗ ಕೈ ಬೀಸಿ, ಅಡ್ಡ ಹೋಗಿ ನಿಲ್ಲಿಸಬೇಡಿ ಅಂದ್ರು. ನೀನು ಇಳಿಯಲ್ವೇನೋ?”

“ಇಳೀತೀನಿ. ಮಾತು ಕೊಟ್ಟಿದೀನಿ.”

“ಹಾಗಾದ್ರೆ ನಿಲ್ಲಿಸಬೇಡಿ ಅಂತ ಯಾಕಂದ್ರು?”

ಬಿಂದಿಗೆ ಎದ್ದು ರೂಮಿನ ಬಾಗಿಲು ಹಾಕಿದ.

“ನೋಡು ತಮ್ಮಾ,” ಅಂದಳು ಅಕ್ಕ, “ಯಾರಾದ್ರೂ ಇದ್ದಕ್ಕಿದ್ದ ಹಾಗೆ ಒಳ್ಳೆಯೋರಾದ್ರೆ ನಾನು ಮೊದಲು ಸೆರಗಿನ ಗಂಟು ಮುಟ್ಟಿ ನೋಡ್ಕೋತೀನಿ. ನಾನಂತೂ ನಮ್ಮ ಗೇಟ್ ಮುಂದೇನೇ ನಿಲ್ಲೋದು.”

ಬೆಳಗ್ಗೆ ಎದ್ದು ನೋಡಿದರೆ ಬಿಂದಿಗೆಯ ಸೈಕಲ್ಲಿಗೆ ಬೇರೆ ಚಕ್ರ. ತೆಳ್ಳಗೆ, ಹಗುರ, ಗಾಳಿ ಸೀಳುವಂಥದ್ದು. ದೊರೆಗೆ ಅಂತ ಎತ್ತಿಟ್ಟಿದ್ದ ಜೋಡಿ.

“ಏನಪ್ಪಾ ಇದು? ಅಕ್ಕನ್ನ ನೋಡೋಕೆ ಹೋಗೋನಿಗೆ ಈ ಚಕ್ರ ಯಾಕೆ?” ಅಂತ ಮೆಕ್ಯಾನಿಕ್‌ನನ್ನು ಕೇಳಿದ.

ಮೆಕ್ಯಾನಿಕ್ ಚೈನಿಗೆ ಎಣ್ಣೆ ಬಿಡುತ್ತಿದ್ದವನು ತಲೆ ಎತ್ತಲಿಲ್ಲ. “ಹಾಕು ಅಂದ್ರು, ಹಾಕಿದೀನಿ. ನನ್ನ ಕೇಳ್ಬೇಡ ಮಾರಾಯ. ನಂಗೂ ಹೆಂಡ್ತಿ ಮಕ್ಕಳಿದಾರೆ.”

ಬಸ್ಸಿನೊಳಗೆ ಎಂದಿನಂತೆ ಎಲ್ಲರ ಫೋನನ್ನೂ ಒಂದು ಚೀಲಕ್ಕೆ ಹಾಕಿಸಿಕೊಂಡು ಮ್ಯಾನೇಜರ್ ಹೇಳಿದ: “ಬಿಂದಿಗೆ, ಇವತ್ತು ನೀರಿನ ಕೆಲಸ ನಿಂಗೆ ಬೇಡ. ಬೇರೆಯವರು ನೋಡ್ಕೋತಾರೆ. ಕಾಲು ಉಳಿಸ್ಕೊ.”

“ಸಾರ್, ನಾನು ಅಲ್ಲಿ ಇಳೀತೀನಿ. ಆಮೇಲೆ ಗುಂಪಿನ ಜೊತೆ ಬರ್ತೀನಿ. ಅಷ್ಟೇ ತಾನೇ?”

“ಅಷ್ಟೇ ಕಣಪ್ಪಾ, ಇನ್ನೇನು! ಅಂದಹಾಗೆ, ಮುಂದಿನ ವರ್ಷ ನಿನ್ನ ಇಟ್ಕೊಳ್ಳೋ ವಿಷಯ ಇವತ್ತು ಸಂಜೆ ಮಾತಾಡೋಣ.”

ಕಿಟಕಿ ಪಕ್ಕದಲ್ಲಿ ಕೂತಿದ್ದ ದೊರೆ ಇತ್ತ ತಿರುಗಿದ. “ಚೆನ್ನಾಗಿ ತಿಂದ್ಯಾ?” ಅಂದ.

ಬಿಂದಿಗೆಯ ಕಿವಿ ನೆಟ್ಟಗಾಯಿತು. ಇಷ್ಟು ವರ್ಷದಲ್ಲಿ ದೊರೆ ಅವನನ್ನು ಕೇಳಿದ್ದು ನೀರು ಮಾತ್ರ. ಇವತ್ತು ಊಟ ವಿಚಾರಿಸುತ್ತಿದ್ದಾನೆ! ಚಕ್ರ, ನಗು, ಅಂಗಿ, ಊಟ. ಎಲ್ಲರೂ ಸೇರಿ ಅವನ ತಲೆಗೆ ಬೆಣ್ಣೆ ಹಚ್ಚುತ್ತಿದ್ದಾರೆ, ಯಾಕೆ ಅಂತ ಮಾತ್ರ ಗೊತ್ತಾಗುತ್ತಿಲ್ಲ. ಬಾಯಿ ಬಿಟ್ಟು ಕೇಳೋಣ ಅಂದರೆ ಏನಂತ ಕೇಳೋದು? ನೀವ್ಯಾಕೆ ನನ್ನ ಜೊತೆ ಚೆನ್ನಾಗಿದೀರಿ ಅಂತಲೇ?

ಅವತ್ತು ಬಿಸಿಲು ಅಂದರೆ ಬಿಸಿಲು. ಡಾಂಬರು ಮೆತ್ತಗಾಗಿ ಟೈರಿಗೆ ಅಂಟುತ್ತಿತ್ತು. ಊರು ಹತ್ತಿರ ಬಂದಾಗ ತಾತ ಗುಂಪಿನ ಮುಂದಕ್ಕೆ ಹೋಗಿ ಕೈ ಎತ್ತಿದ. ಗುಂಪು ನಿಧಾನವಾಯಿತು. ನಡುವೆ ದಾರಿ ಬಿಟ್ಟುಕೊಟ್ಟರು.

“ಹೋಗೋ ಹೋಗೋ, ಅಕ್ಕ ಬಾಗಿಲು ಹಾಕ್ಕೊಂಡಾಳು!”

“ನಮಗೂ ಏನಾದ್ರೂ ಕಟ್ಟಿಸ್ಕೊಂಡು ಬಾರೋ!”

ಬೆನ್ನು ತಟ್ಟಿ, ತಮಾಷೆ ಮಾಡಿ, ಒಬ್ಬನಂತೂ ತಳ್ಳಿಯೇ ಕಳಿಸಿದ. ಬಿಂದಿಗೆ ಮುಂದೆ ಹೋದ. ಜೀವಮಾನದಲ್ಲಿ ಮೊದಲ ಸಲ ಅವನ ಮುಂದೆ ಯಾರೂ ಇರಲಿಲ್ಲ, ಹಿಂದೆ ಯಾರೂ ಬಾಯಾರಿ ಕೂಗುತ್ತಿರಲಿಲ್ಲ. ಹೊಟ್ಟೆಯೊಳಗೆ ಒಂಥರಾ ಖುಷಿ. ಸುಮ್ಮನೆ ಅನುಮಾನಪಟ್ಟೆನೇನೋ, ಪಾಪ, ಅಂದುಕೊಂಡ ಕೂಡ.

ಆಗ ಕಿವಿಯಲ್ಲಿದ್ದ ರೇಡಿಯೋ ಗೊರ ಗೊರ ಅಂದಿತು.

“ಬಿಂದಿಗೆ, ಈಗ ಸರಿಯಾಗಿ ಕೇಳಿಸ್ಕೊ. ಇಳೀಬೇಡ.”

“ಸಾರ್?”

“ಗುಂಪು ಮೈಮರೆತಿದೆ. ದೊರೆ ಹೊರಟ್ರು. ಸೇತುವೆ ಹತ್ರ ನಿನ್ನ ಬೆನ್ನಿಗೆ ಬರ್ತಾರೆ. ಅಲ್ಲಿಂದ ಮುಂದೆ ಬಯಲು, ಎದುರುಗಾಳಿ. ಕೊನೇ ತನಕ ಎಳಿ. ಇವತ್ತು ಹೊತ್ತು ಉಳಿಸಿದ್ರೆ ರೇಸೇ ನಮ್ಮದು. ಅಕ್ಕಂಗೆ ಕೈ ಬೀಸು, ಸಾಕು.”

ಚಕ್ರ ಯಾಕೆ ಅಂತ ಈಗ ತಿಳಿಯಿತು, ಅಂಗಿ ಯಾಕೆ, ಅಕ್ಕನಿಗೆ ಸೇತುವೆಯಾಚೆ ನಿಲ್ಲು ಅಂದಿದ್ದು ಯಾಕೆ ಅಂತಲೂ. ಮೊದಲ ಸ್ಥಾನದವನ ತಂಡ ಒಪ್ಪಿದೆಯಾ ಅಂತ ಅಷ್ಟು ಅಕ್ಕರೆಯಿಂದ ಕೇಳಿದ್ದೂ ತಿಳಿಯಿತು. ಎಲ್ಲರ ಕಣ್ಣಿಗೆ ಮಣ್ಣೆರಚೋಕೆ ಇವರು ಆರಿಸಿಕೊಂಡಿದ್ದು ಅವನ ಅಕ್ಕನನ್ನು!

“ಸಾರ್, ನಾನು ಮಾತು ಕೊಟ್ಟಿದೀನಿ.”

“ಯಾರಿಗೆ? ನೀರು ಹೊರೋರಿಗಾ? ಮಾತು ಕೊಡೋಕೆ ನೀನ್ಯಾರಯ್ಯಾ? ನಾವು ಸಂಬಳ ಕೊಡೋದು ನಿನ್ನ ಕಾಲಿಗೆ, ಬಾಯಿಗಲ್ಲ. ತುಳಿ!”

ಬಿಂದಿಗೆ ತುಳಿದ. ಏನು ಮಾಡ್ತಾನೆ ಪಾಪ, ಕಾಲಿಗೆ ಅದೇ ಅಭ್ಯಾಸ. ತುಳಿಯುತ್ತಲೇ ಯೋಚಿಸಿದ. ಇಳಿದರೆ ಮುಂದಿನ ವರ್ಷದ ಅನ್ನಕ್ಕೆ ಕಲ್ಲು. ಅಕ್ಕನ ಮಕ್ಕಳ ಓದು ಅವನ ಮೇಲೇ ನಿಂತಿದೆ. ಇಳಿಯದೆ ಹೋದರೆ? ತಾತನಿಗೆ ಯಾವ ಮುಖ ತೋರಿಸೋದು? ಇವತ್ತು ಒಬ್ಬ ಮೋಸ ಮಾಡಿದರೆ, ನಾಳೆಯಿಂದ ಯಾರೂ ಯಾರಿಗೂ ಊರು ಬಿಟ್ಟುಕೊಡೋದಿಲ್ಲ. ನೀರಿನವರಿಗೆ ಇದ್ದ ಒಂದೇ ಒಂದು ಸುಖ ಅವನ ಕೈಯಿಂದಲೇ ಹಾಳಾಗಬೇಕೇ?

ತಿರುವು ದಾಟಿದ. ಲಾಂಡ್ರಿಯ ಹೊಗೆ ಕೊಳವೆ ಕಂಡಿತು. ಗೇಟಿನ ಮುಂದೆ ಅಕ್ಕ ನಿಂತಿದ್ದಳು.

ಒಬ್ಬಳೇ ಅಲ್ಲ. ಲಾಂಡ್ರಿಯ ಹೆಂಗಸರೆಲ್ಲ ಒದ್ದೆ ಏಪ್ರನ್ನಿನಲ್ಲೇ ಸಾಲಾಗಿ ನಿಂತಿದ್ದರು. ಒಬ್ಬಳೂ ಹೊಸ ಅಂಗಿ ತೊಟ್ಟಿರಲಿಲ್ಲ. ಮೇಸ್ತ್ರಿ ಗೇಟಿನೊಳಗಿಂದ “ಸೇತುವೆ ಹತ್ರ ಹೋಗ್ರೇ ಅಂದ್ರೆ!” ಅಂತ ಗಂಟಲು ಹರಿದುಕೊಳ್ಳುತ್ತಿದ್ದ. ಅಕ್ಕ ರಸ್ತೆ ಬದಿಗೆ ಒಂದು ಸ್ಟೂಲು ಹಾಕಿ, ಅದರ ಮೇಲೆ ಒಂದು ಲೋಟ ನೀರು ಮುಚ್ಚಿಟ್ಟಿದ್ದಳು.

ಅವನಿಗೆ ಅಂತ ಯಾರೋ ನೀರು ಇಟ್ಟುಕೊಂಡು ಕಾಯುತ್ತಿದ್ದಾರೆ. ಬಿಂದಿಗೆ ಬ್ರೇಕ್ ಹಿಡಿದ.

ಇಳಿದು ಅಕ್ಕನ ಕೈ ಹಿಡಿದುಕೊಂಡ. ಆ ಸುಲಿದ ಕೈ. ಹೇಳಬೇಕು ಅಂದುಕೊಂಡಿದ್ದೆಲ್ಲ ಒಂದೇ ಉಸಿರಿಗೆ ಬಂತು.

“ಅಕ್ಕಾ, ಭಾವನ್ನ ಮಣ್ಣು ಮಾಡೋಕೆ ಬರಲಿಲ್ಲ ನಾನು. ಸಂಜೆ ಸುದ್ದಿ ಸಿಕ್ಕಾಗ—”

“ಸಂಜೆನಾ?” ಅಕ್ಕ ಕೈ ಬಿಡಿಸಿಕೊಂಡಳು. “ನಾನು ಬೆಳಗ್ಗೆ ಎದ್ದ ಕೂಡ್ಲೇ ಫೋನ್ ಮಾಡಿದ್ದೆನಲ್ಲೋ. ನಿನ್ನ ಫೋನೇ. ನಿಮ್ಮ ಮ್ಯಾನೇಜರ್ ಎತ್ತಿದ್ರು. ಈಗಲೇ ಹೇಳಿ ಕಳಿಸ್ತೀನಮ್ಮ ಅಂದ್ರು.”

“ಬೆಳಗ್ಗೆ?”

“ಆಮೇಲೆ ಟೀವಿಯಲ್ಲಿ ನಿನ್ನ ತೋರಿಸ್ತಿದ್ರು. ನೀರು ಹೊತ್ಕೊಂಡು ಓಡಾಡ್ತಿದ್ದೆ. ಮನೆಯಲ್ಲಿ ಹೆಣ ಇಟ್ಕೊಂಡು ನೋಡಿದೆ ಕಣೋ ನಾನು. ಗೊತ್ತಿದ್ದೂ ತುಳೀತಿದಾನಲ್ಲ, ಇವನ ಎದೆ ಕಲ್ಲಾಯ್ತಲ್ಲ ಅಂತ...” ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಂಡಳು. “ವರ್ಷವಿಡೀ ನಿನ್ನ ಮೇಲೆ ಅನುಮಾನ ಇಟ್ಕೊಂಡಿದ್ದೆ. ತಪ್ಪಾಯ್ತು ಕಣೋ.”

ಬಿಂದಿಗೆ ಅತ್ತುಬಿಟ್ಟ. ನಡುರಸ್ತೆಯಲ್ಲಿ, ಮೇಸ್ತ್ರಿಯ ಮುಂದೆ, ಅಷ್ಟು ಹೆಂಗಸರ ಮುಂದೆ ಅತ್ತ. ಅಕ್ಕ ಲೋಟ ಅವನ ಬಾಯಿಗೆ ಹಿಡಿದಳು. “ಮೊದಲು ಕುಡಿ,” ಅಂದಳು. ಅವನ ಖಾಲಿ ಬಾಟಲಿ ಕಿತ್ತುಕೊಂಡು ಸ್ಟೂಲಿನ ಪಕ್ಕದಲ್ಲಿಟ್ಟಿದ್ದ ಕೊಡದಿಂದ ತುಂಬಿ ಮತ್ತೆ ಸೈಕಲ್ಲಿಗೆ ಸಿಕ್ಕಿಸಿದಳು.

ದೊರೆ ಬಂದ. ಒಬ್ಬನೇ, ಬೆವರು ಸುರಿಸುತ್ತಾ. ಅವನ ಹಿಂದೆಯೇ ತಂಡದ ಕಾರು.

“ಹತ್ತೋ! ಹತ್ತೋ ಬೇಗ!” ಅಂತ ಕಿರುಚಿದ ದೊರೆ.

“ನಮ್ಮೂರು ದೊರೆ. ನಾನು ಇಳಿದಿದೀನಿ,” ಅಂದ ಬಿಂದಿಗೆ. ಸ್ಟೂಲಿನ ಮೇಲೆ ಕೂತೇಬಿಟ್ಟ.

ದೊರೆ ಹಿಂದೆ ನೋಡಿದ, ಮುಂದೆ ನೋಡಿದ, ಬೈಯುತ್ತಾ ಒಬ್ಬನೇ ಸೇತುವೆಯ ಕಡೆ ಹೋದ. ಕಾರು ಕಿರ್ ಅಂತ ನಿಂತಿತು. ಮ್ಯಾನೇಜರ್ ಕಿಟಕಿಯಿಂದ ತಲೆ ಹೊರಗೆ ಹಾಕುವಷ್ಟರಲ್ಲಿ ಅಕ್ಕ ಅಲ್ಲಿದ್ದಳು.

“ನೀವೇನಾ ಮ್ಯಾನೇಜರ್?”

“ಪಕ್ಕಕ್ಕೆ ಸರಿಯಮ್ಮಾ.”

“ಗಂಡ ಸತ್ತ ಅಂತ ಬೆಳಗ್ಗೆ ಫೋನ್ ಮಾಡಿದವಳು ನಾನು. ಇವನಿಗೆ ಸಂಜೆ ತನಕ ಯಾಕೆ ಹೇಳಲಿಲ್ಲ?”

ಮ್ಯಾನೇಜರ್ ದೊರೆ ಹೋದ ಕಡೆ ಕಣ್ಣು ಹಾಯಿಸಿದ. “ಅದು... ಅವನ ಒಳ್ಳೇದಕ್ಕೇ. ಓಟದ ಮಧ್ಯೆ ಮನಸ್ಸು ಕೆಡಬಾರದು ಅಂತ.”

“ಅವನ ಮನಸ್ಸಿನ ಮೇಲೆ ಅಷ್ಟೊಂದು ಪ್ರೀತಿನಾ ನಿಮಗೆ? ಅವತ್ತು ಅವನು ನಿಮಗೆ ಎಷ್ಟು ಬಾಟಲಿ ಹೊತ್ತ, ಅದನ್ನು ಹೇಳಿ.”

ಹೆಂಗಸರು ಹೊಸ ಅಂಗಿಗಳ ಮೂಟೆ ಎತ್ತಿ ತಂದು ಹಿಂದಿನ ಕಿಟಕಿಯಿಂದ ಕಾರಿನೊಳಗೆ ನೂಕಿದರು. “ಇದನ್ನೂ ತಗೊಂಡು ಹೋಗಿ,” ಅಂದಳು ಒಬ್ಬಳು. “ಕಂಡೋರ ಕೊಳೆ ಒಗೆದು ಸಾಕಾಗಿದೆ ನಮಗೆ.”

ಮ್ಯಾನೇಜರ್‌ನ ಮುಖ ಕೆಂಡವಾಯಿತು. ಅಕ್ಕನ ಭುಜದ ಮೇಲಿಂದ ಬಿಂದಿಗೆಯತ್ತ ಬೆರಳು ತೋರಿಸಿ ಕೂಗಿದ: “ಏಯ್, ನಾಳೆಯಿಂದ ನಿಂಗೆ ಕೆಲಸ ಇಲ್ಲ!”

ಬಿಂದಿಗೆ ಕಿವಿಯಿಂದ ರೇಡಿಯೋ ಕಿತ್ತು ಮೂಟೆಯ ಮೇಲೆ ಎಸೆದ. “ನಾಳೆಯಿಂದ ತಾನೇ? ಇವತ್ತು ಇನ್ನೂ ಇದೆ ಸಾರ್.”

ಕಾರು ದೊರೆಯ ಹಿಂದೆ ಓಡಿತು. ಅಷ್ಟರಲ್ಲಿ ಗುಂಪು ಬಂತು. ಬಂದ ರಭಸ ನೋಡಬೇಕಿತ್ತು! ಮೋಸ ಹೋದೆವು ಅಂತ ಹಲ್ಲು ಕಡಿಯುತ್ತಾ, ಬಿಂದಿಗೆಯ ವಂಶವನ್ನೆಲ್ಲ ಜಾಲಾಡಿಸುತ್ತಾ ಬರುತ್ತಿದ್ದರು. ಮುಂದೆ ತಾತ. ಸ್ಟೂಲಿನ ಪಕ್ಕ ನಿಂತ ಬಿಂದಿಗೆಯನ್ನು ಕಂಡದ್ದೇ ಅವನ ಬೈಗುಳ ಬಾಯಲ್ಲೇ ಉಳಿಯಿತು.

“ಇಳಿದಿದ್ಯಾ?”

“ಇಳಿದೆ ತಾತ.”

“ಹಾಗಾದ್ರೆ ಹತ್ತು, ಬಾ.” ತಾತ ಪಕ್ಕಕ್ಕೆ ಸರಿದು ಜಾಗ ಕೊಟ್ಟ.

ಸೇತುವೆ ದಾಟಿದರು. ಬಯಲಿನಲ್ಲಿ ಗಾಳಿ ಎದೆಗೆ ಗುದ್ದಿತು. ಸರದಿಯಂತೆ ಮುಂದೆ ಹೋಗಿ ಗಾಳಿ ತಿನ್ನುತ್ತಾ, ಏದುಸಿರಿನ ನಡುವೆ ಬಿಂದಿಗೆ ಎಲ್ಲ ಹೇಳಿದ. ಚಕ್ರದ ಕಥೆ, ಅಂಗಿಯ ಕಥೆ. ಕೊನೆಗೆ ಫೋನಿನ ಕಥೆ. ಅದನ್ನು ಕೇಳಿ ತಾತ ಸೈಕಲ್ಲನ್ನು ಇನ್ನೂ ಹತ್ತಿರಕ್ಕೆ ತಂದ.

“ನನ್ನ ಮಗಳು ಹುಟ್ಟಿದಾಗ್ಲೂ ಸಂಜೇನೇ ಹೇಳಿದ್ರು,” ಅಂದ. “ಹೆಂಡ್ತಿ ಜೀವಕ್ಕೆ ಕುತ್ತು ಬಂದಿತ್ತು ಅವತ್ತು. ಫೋನೇ ಬರಲಿಲ್ಲ ಅಂದಿದ್ರು.”

“ನಮ್ಮಮ್ಮ ಆಸ್ಪತ್ರೆ ಸೇರಿದಾಗ ನಂಗೂ ಹಾಗೇ,” ಅಂದ ಮತ್ತೊಬ್ಬ.

“ನಮ್ಮ ಫೋನೆಲ್ಲಾ ದಿನಾ ಯಾರ ಹತ್ರ ಇರುತ್ತೆ?” ಅಂತ ಹಿಂದಿನಿಂದ ಯಾರೋ ಕೇಳಿದ.

ಆ ಪ್ರಶ್ನೆ ಗುಂಪಿನಲ್ಲಿ ಹಿಂದು ಹಿಂದಕ್ಕೆ ಹೋಯಿತು, ನೀರಿನವನಿಂದ ನೀರಿನವನಿಗೆ. ಒಬ್ಬೊಬ್ಬನೂ ತನ್ನ ತನ್ನ ಸಂಜೆಯನ್ನು ನೆನಪು ಮಾಡಿಕೊಂಡ.

ದೊರೆ ಸಿಕ್ಕಿಬಿದ್ದ. ಗಾಳಿಯೊಳಗೆ ಒಂಟಿಯಾಗಿ ಎಷ್ಟು ದೂರ ಹೋದಾನು? ಗುಂಪು ಅವನನ್ನು ಒಳಗೆ ಎಳೆದುಕೊಂಡಿತು. ಅವನ ತುಟಿ ಬಿರಿದಿತ್ತು, ಬಾಟಲಿ ಖಾಲಿ. ಎಂದಿನಂತೆ ಕೈ ಎತ್ತಿದ. ಬೇರೆ ತಂಡಗಳ ದೊರೆಗಳೂ ಎತ್ತಿದರು, ಅವರಿಗೂ ಬಾಯಾರಿತ್ತು.

ಯಾವ ನೀರಿನವನೂ ಹಿಂದಕ್ಕೆ ಹೋಗಲಿಲ್ಲ.

ಹಿಂದೆ ಕಾರುಗಳು ಸಾಲುಗಟ್ಟಿದವು. ಪ್ರತಿ ಕಿಟಕಿಯಿಂದಲೂ ಬಾಟಲಿ ಹಿಡಿದ ಒಂದೊಂದು ಕೈ ಚಾಚಿಕೊಂಡಿತ್ತು. ಹಾರನ್ ಹೊಡೆದರು. ಕಿವಿಯ ರೇಡಿಯೋಗಳಲ್ಲಿ ನೀರು, ನೀರು ಅಂತ ಅರಚಿದರು. ನೀರಿನವರು ಒಬ್ಬರ ಪಕ್ಕ ಒಬ್ಬರು ರಸ್ತೆಯ ಅಗಲಕ್ಕೂ ಹರಡಿಕೊಂಡು ತುಳಿಯುತ್ತಿದ್ದರು. ಬಿಂದಿಗೆ ಅಕ್ಕ ತುಂಬಿಕೊಟ್ಟ ಬಾಟಲಿ ತೆಗೆದು, ತಾನು ಒಂದು ಗುಟುಕು ಕುಡಿದು, ತಾತನಿಗೆ ಕೊಟ್ಟ. ತಾತ ಪಕ್ಕದವನಿಗೆ ಕೊಟ್ಟ.

ದೊರೆ ಅದನ್ನೇ ನೋಡುತ್ತಿದ್ದ. ಕೈ ಇನ್ನೂ ಮೇಲೆಯೇ ಇತ್ತು. ಬಾಟಲಿ ಅವನ ಕಡೆ ಬರಲಿಲ್ಲ. ಕೊನೆಗೆ ಕೈ ಇಳಿಸಿದ. ನಿಧಾನ ಮಾಡಿ, ಗುಂಪಿನ ನಡುವೆ ಜಾರಿಕೊಳ್ಳುತ್ತಾ, ತನ್ನ ನೀರು ತಾನೇ ತರೋಕೆ ಹಿಂದಕ್ಕೆ ಹೋದ.